ಹಬ್ಬದ ಬದಲಿಗೆ ಮಂಗಳವಾರ

ಕಡ್ಡಿ ಪಾರ್ಕಿನ ಗೇಟಿನ ಬೀಗ ಹಿಡಿದು ಜಗ್ಗಿದಳು. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ.

ಗೇಟಿನ ಸರಳುಗಳಾಚೆ ಕೆರೆ ಕಾಣುತ್ತಿತ್ತು. ದೋಣಿಗಳನ್ನೆಲ್ಲ ದಡಕ್ಕೆ ಕಟ್ಟಿಹಾಕಿದ್ದರು. ಹಳದಿ ದೋಣಿಯೊಂದು ಸುಮ್ಮನೆ ತಲೆ ಆಡಿಸುತ್ತಿತ್ತು.

ಕಡ್ಡಿಯ ನಿಜವಾದ ಹೆಸರನ್ನು ಟೀಚರ್ ಕೂಡ ಮರೆತಿದ್ದರು. ಬೆಂಕಿಕಡ್ಡಿಯ ಹಾಗೆ ತೆಳ್ಳಗಿದ್ದಳು, ಅದರ ಹಾಗೆಯೇ ಫಕ್ಕನೆ ಹೊತ್ತಿಕೊಳ್ಳುತ್ತಿದ್ದಳು. ಹಾಗಾಗಿ ಕಡ್ಡಿ.

ಅವಳ ಅಮ್ಮ ಸಿಟಿ ಬಸ್ಸಿನ ಕಂಡಕ್ಟರ್. ದೊಡ್ಡ ಹಬ್ಬದ ದಿನ ಊರಿಗೆ ಊರೇ ಹೊಸ ಬಟ್ಟೆ ತೊಟ್ಟು ಈ ಕೆರೆ ಪಾರ್ಕಿಗೆ ಬಂದಿತ್ತು. ಅವರನ್ನೆಲ್ಲ ತಂದು ಇಳಿಸಿದ್ದು ಅಮ್ಮನ ಬಸ್ಸು. ಕಡ್ಡಿ ಮಾತ್ರ ಪಕ್ಕದ ಮನೆಯ ಅತ್ತೆಯ ಜೊತೆ ಟಿವಿ ಮುಂದೆ ಕೂತಿದ್ದಳು. ಮರುದಿನ ಕ್ಲಾಸ್ ಲೀಡರ್ ದೋಣಿಯ ಕತೆಯನ್ನೆಲ್ಲ ಹೇಳಿ ಮುಗಿಸಿ, "ನಿಮ್ಮಮ್ಮನೇ ನಮಗೆ ಟಿಕೆಟ್ ಕೊಟ್ಟಿದ್ದು ಕಣೇ. ನೀನ್ಯಾಕೆ ಬರಲಿಲ್ಲ?" ಎಂದಿದ್ದಳು.

ಹಬ್ಬದ ದಿನ ದುಡಿದವರಿಗೆ ಡಿಪೋದವರು ಒಂದು ಬದಲಿ ರಜೆ ಕೊಡುತ್ತಾರೆ. ಯಾವತ್ತು ಅನ್ನುವುದನ್ನು ಮಾತ್ರ ಅವರೇ ಆರಿಸುತ್ತಾರೆ. ಅಮ್ಮನ ಪಾಲಿಗೆ ಬಂದದ್ದು ಯಾರಿಗೂ ಬೇಡದ ಒಂದು ಮಂಗಳವಾರ. ಕಡ್ಡಿಗೆ ಅದೇ ಸಾಕಿತ್ತು. ಶಾಲೆಯಲ್ಲಿ ರಜೆ ಕೇಳಿದಳು, ಹೊಸ ಫ್ರಾಕ್ ತೊಟ್ಟಳು, ಹಳದಿ ದೋಣಿಯೇ ಬೇಕೆಂದು ದಾರಿಯುದ್ದಕ್ಕೂ ಅಮ್ಮನ ತಲೆ ತಿಂದಳು.

ಈಗ ನೋಡಿದರೆ ಬೀಗ.

ಗೇಟಿನ ಪಕ್ಕ ಬನ್ನು ಮಾರುತ್ತಿದ್ದ ಅಜ್ಜ ಇವರನ್ನೇ ನೋಡುತ್ತಿದ್ದ. "ಪಾರ್ಕಿನೋರೆಲ್ಲ ಹಬ್ಬದ ದಿನ ಡ್ಯೂಟಿ ಮಾಡಿದ್ರಲ್ಲ ತಾಯಿ," ಎಂದ. "ಇವತ್ತು ಅವರಿಗೆ ಬದಲಿ ರಜೆ."

ಕಡ್ಡಿ ಭಗ್ಗನೆ ಉರಿದಳು. "ಇವತ್ತೇ ಬೇಕಿತ್ತಾ ಅವರಿಗೆ? ದೋಣಿ ಬಿಡೋಕೆ ಒಬ್ಬರಾದ್ರೂ ಬರಬಾರದಾ?"

ಅಮ್ಮ ಎರಡು ಬನ್ನು ಕೊಂಡು, ಎದುರಿನ ಬಸ್ ಸ್ಟಾಪಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋದಳು.

"ಇನ್ನೊಂದು ರಜೆ ಯಾವಾಗಮ್ಮ?"

"ಮುಂದಿನ ಹಬ್ಬ ಬರಲಿ."

"ಹಬ್ಬದ ದಿನಾನಾ?"

"ಅಲ್ಲ ಪುಟ್ಟಾ. ಅದಾದ ಮೇಲೆ."

ಕಡ್ಡಿ ಮುಖ ತಿರುಗಿಸಿ ಕೂತಳು. ಮಾತಾಡಿಸಿದರೆ ಮಾತ್ರ ತಿರುಗುವುದು ಎಂದುಕೊಂಡಳು. ಅಮ್ಮ ಮಾತಾಡಿಸಲೇ ಇಲ್ಲ. ತಿರುಗಿ ನೋಡಿದರೆ, ಅರ್ಧ ಕಚ್ಚಿದ ಬನ್ನು ಅಮ್ಮನ ಎಡಗೈಯಲ್ಲಿ ಹಾಗೇ ಇತ್ತು. ಅಮ್ಮ ಕೂತಲ್ಲೇ ನಿದ್ದೆ ಹೋಗಿದ್ದಳು.

ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತು. ಬ್ರೇಕಿನ ಸದ್ದಿಗೆ ನಿದ್ದೆಯಲ್ಲೇ ಅಮ್ಮನ ಬಲಗೈ ಮೇಲೆದ್ದಿತು. ತಲೆಯ ಮೇಲೆ ಗಾಳಿಯಲ್ಲಿ ಬೆಲ್ಲಿನ ಹಗ್ಗ ಹುಡುಕಿತು. ಸಿಗಲಿಲ್ಲ. ಮೆಲ್ಲಗೆ ಮಡಿಲಿಗೆ ಬಿತ್ತು.

ಬಾಗಿಲಲ್ಲಿದ್ದ ಕಂಡಕ್ಟರ್ ಅಣ್ಣ ಅಮ್ಮನ ಗುರುತು ಹಿಡಿದು ಏನೋ ಕೂಗಲು ಬಾಯಿ ತೆರೆದ. ಕಡ್ಡಿ ತುಟಿಯ ಮೇಲೆ ಬೆರಳಿಟ್ಟಳು. ಅವನು ಬಾಯಿ ಮುಚ್ಚಿದ. ಬೆಲ್ ಹೊಡೆಯದೆ, ಡ್ರೈವರಿಗೆ ಕೈಸನ್ನೆ ಮಾಡಿದ. ಬಸ್ಸು ಸದ್ದಿಲ್ಲದೆ ಹೊರಟಿತು.

ಕಡ್ಡಿ ಅಮ್ಮನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಭುಜ ನೋಯತೊಡಗಿದರೂ ಅಲ್ಲಾಡಲಿಲ್ಲ. ದೂರದಲ್ಲಿ ಹಳದಿ ದೋಣಿ ಇನ್ನೂ ತಲೆ ಆಡಿಸುತ್ತಲೇ ಇತ್ತು.

ದೋಣಿ ಬಿಡುವವನ ಮನೆಯಲ್ಲೂ ಮಗಳಿರಬಹುದು. ಅವಳೂ ಇವತ್ತು ಹೊಸ ಫ್ರಾಕ್ ತೊಟ್ಟು, ಅಪ್ಪನ ಕೈ ಹಿಡಿದು, ಎಲ್ಲೋ ಬಸ್ಸಿಗೆ ಕಾಯುತ್ತಿರಬಹುದು.

ಬಸ್ಸು ಹೋದ ದಾರಿಯನ್ನೇ ಕಡ್ಡಿ ನೋಡುತ್ತ ಕೂತಳು. ಅದು ಆ ಹುಡುಗಿಯ ಸ್ಟಾಪಿನಲ್ಲಿ ನಿಂತರೆ ಸಾಕಿತ್ತು.