ಬಂಡೆಯ ಮೇಲೆ ಬಿಟ್ಟ ಹೊಂಗೆ ಎಲೆ

"ಕದಿಯೋಕೆ ನಾಚಿಕೆ ಆಗ್ಲಿಲ್ವೇನ್ರೀ ನಿಮಗೆ?"

ಶ್ರೀರಂಗಪಟ್ಟಣದ ಆ ಪುಟ್ಟ ಅಕ್ಕಸಾಲಿ ಅಂಗಡಿಯಲ್ಲಿ ಊದುಕೊಳವೆ ಹಿಡಿದು ಕೂತಿದ್ದ ಸಿದ್ದಾರ್ಥ ತಲೆಯೆತ್ತಿದ. ಬಾಗಿಲಲ್ಲಿ ನಿಂತವಳನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

ಅವಳು! ಕರಿಘಟ್ಟದ ಹುಡುಗಿ!

"ಏನಾಯ್ತು ಮೇಡಂ?"

"ಏನಾಯ್ತಾ?" ಹರ್ಷಿತ ಒಳಗೆ ಬಂದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಿಲ್ಲ... ಅತ್ತುಬಿಟ್ಟರೆ? ಛೆ, ಇವನೆದುರು ಅಳಬಾರದು!

ಮಳೆ ನಿಂತು ಆಕಾಶ ತಿಳಿಯಾದಂದಿನಿಂದ ಅವಳು ದಿನಾ ಬೆಳಿಗ್ಗೆ ಕಿರಂಗೂರಿನಿಂದ ಕರಿಘಟ್ಟದ ತಪ್ಪಲಿಗೆ ಹೋಗುತ್ತಿದ್ದಳು. ಲೋಕಪಾವನಿಯ ದಡದಲ್ಲಿ ಅವತ್ತು ಕಣ್ಣಿಗೆ ಬಿದ್ದ ಒಂದು ಉದುರೆಲೆ ಆರಿಸಿ, ಅದರ ಮುಖಕ್ಕೆ ಬಣ್ಣ ಬಳಿದು, ಕಾಗದದ ಮೇಲೆ ಕವುಚಿ ಒತ್ತುತ್ತಿದ್ದಳು. ಚೆಂದದ ಎಲೆಗಿಂತ ಹುಳ ತಿಂದ ಎಲೆಯೇ ಅವಳಿಗಿಷ್ಟ. ಅಚ್ಚು ಮೂಡಿದ ಮೇಲೆ ಎಲೆಯನ್ನು ಬಂಡೆಯ ಮೇಲಿಟ್ಟು ಬರುತ್ತಿದ್ದಳು. ಬಿಸಾಡಲು ಮನಸ್ಸು ಬರುತ್ತಿರಲಿಲ್ಲ.

ಆ ಅಚ್ಚುಗಳನ್ನು ಸೀರೆಯ ಸೆರಗಿಗೆ ಹಾಕಿಸಲು ಪಾಂಡವಪುರದ ಸೀರೆ ಅಂಗಡಿಯ ಕುಳ್ಳಯ್ಯ ಒಪ್ಪಿದ್ದರು. ಕಾಲೇಜು ಮುಗಿಸಿ ಮನೆಯಲ್ಲಿ ಕೂತವಳಿಗೆ ಸಿಕ್ಕ ಮೊದಲ ಕೆಲಸ! ಆದರೆ ಇವತ್ತು ಹೊಂಗೆ ಎಲೆಯ ಅಚ್ಚು ನೋಡಿದ್ದೇ ಅವರು ಮುಖ ಗಂಟಿಕ್ಕಿದ್ದರು.

"ಇದು ಪಟ್ಣದ ಸಿದ್ದಾರ್ಥಂದಲ್ವೇನವ್ವಾ? ಅವ್ರವ್ವ ಇಂಥದೇ ಓಲೆ ಕಿವೀಗ್ ಆಕ್ಕಂಡ್ ಬಂದಿದ್ರು, ನನ್ ಮಗ ಮಾಡಿದ್ದು ಅಂದ್ರು. ಕದ್ದಿದ್ದೆಲ್ಲ ನನ್ ಅಂಗ್ಡೀಗ್ ಬ್ಯಾಡ ಕಣವ್ವ."

ಕದ್ದಿದ್ದು! ತನ್ನದನ್ನೇ ತಾನು ಕದ್ದಳಂತೆ!

ಹರ್ಷಿತ ಆ ಕಾಗದವನ್ನು ಅವನ ಮುಂದೆ ಬಡಿದಳು. "ಇನ್‌ಸ್ಟಾಗ್ರಾಮ್‌ನಲ್ಲಿ ನಾನು ಹಾಕಿದ್ದ ಚಿತ್ರ ನೋಡಿ ನಕಲು ಮಾಡಿದ್ದೀರಿ!"

"ಚಿತ್ರ ನಾನು ನೋಡೇ ಇಲ್ಲ ಕಣ್ರೀ. ದೇವ್ರಾಣೆ."

"ಸುಳ್ಳು ಬೇರೆ! ನಿಮ್ಮಮ್ಮನ ಕಿವೀಲಿ ಇದೇ ಓಲೆ ನೋಡಿ ಪಾಂಡವಪುರದ ಕುಳ್ಳಯ್ಯ ನನ್ನ ಅಚ್ಚನ್ನೇ ಕದ್ದಿದ್ದು ಅಂದ್ರು!"

ಗಲಾಟೆಗೆ ಒಳಗಿನಿಂದ ಅವನ ತಾಯಿ ಪ್ರಮೀಳಾ ಬಂದರು. ಒಂದು ಕಿವಿಯಲ್ಲಿ ಚಿನ್ನದ ಓಲೆ, ಇನ್ನೊಂದರಲ್ಲಿ ತಾಮ್ರದ ಹೊಂಗೆ ಎಲೆ.

"ಯಾಕವ್ವ ಅಂಗೆ ಕಿರುಚ್ತೀಯಾ? ಹೊಸ ಓಲೆ ಮಾಡೋಕ್ ಮುಂಚೆ ತಾಮ್ರದಲ್ಲೊಂದು ಮಾಡಿ ನನ್ ಕಿವೀಗ್ ಆಕ್ತಾನೆ, ನೇತಾಡೋ ಹದ ನೋಡಕ್ಕೆ. ತಗ್ಯೋದ್ ಮರ್ತು ಪಾಂಡವಪುರಕ್ಕೆ ಒಂಟೋದೆ. ಮಗನ್ನ ಒಗಳ್ಕಂಡಿದ್ದೂ ತಪ್ಪಾ?"

"ತಪ್ಪು!" ಅವರ ಕಿವಿಯ ಪಕ್ಕ ಕಾಗದ ಹಿಡಿದಳು. "ನೋಡಿ, ಅದೇ ಹುಳ ತಿಂದ ಗಾಯ, ಅದೇ..."

ಅವಳು ಕಾಗದವನ್ನೂ ಓಲೆಯನ್ನೂ ಮತ್ತೊಮ್ಮೆ ನೋಡಿದಳು.

ಕಾಗದದಲ್ಲಿ ಗಾಯ ಬಲಕ್ಕಿತ್ತು. ಓಲೆಯಲ್ಲಿ ಎಡಕ್ಕೆ.

ಕವುಚಿ ಒತ್ತಿದ ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಚಿತ್ರ ನೋಡಿ ಮಾಡಿದ್ದರೆ ಓಲೆಯಲ್ಲೂ ಗಾಯ ಬಲಕ್ಕೇ ಇರಬೇಕಿತ್ತು. ಹಾಗಾದರೆ ಇವನ ಕಣ್ಣೆದುರು ಇದ್ದದ್ದು ಚಿತ್ರವಲ್ಲ... ಎಲೆ! ಅವಳು ಬಂಡೆಯ ಮೇಲೆ ಬಿಟ್ಟುಬಂದ ಎಲೆ!

ಸಿದ್ದಾರ್ಥ ಒಂದು ತಗಡಿನ ಡಬ್ಬಿ ತೆರೆದ. ಒಳಗೆ ಅವಳ ಎಲೆಗಳು. ಬಣ್ಣ ಒಣಗಿದ್ದರೂ ಒಂದೂ ಮುರಿದಿರಲಿಲ್ಲ.

"ಬೆಳಿಗ್ಗೆ ನಾನೂ ಬೆಟ್ಟಕ್ಕೆ ಬರ್ತೀನಿ. ನೀವು ಹೋದ್ಮೇಲೆ ಎತ್ಕೊಂಡ್ ಬರ್ತಿದ್ದೆ. ಕ್ಯಾಟಲಾಗ್ ನೋಡಿ ಮಾಡಿದ್ದೇ ಮಾಡಿ ಬೇಜಾರಾಗೋಗಿತ್ತು. ಇವನ್ನ ನೋಡಿದ್ಮೇಲೇ ಕಣ್ರೀ ನಂಗೆ ಕೈ ಓಡಿದ್ದು."

"ಕೇಳೋಕೆ ಬಾಯಿ ಇರ್ಲಿಲ್ವಾ?"

"ನಿಮ್ಮ ಮುಖ ನೋಡಿದ್ರೆ ಮಾತು ಬರ್ತಿರ್ಲಿಲ್ಲ."

"ನಿಮಗೆ ಮಾತು ಬರದೆ ಇದ್ದಿದ್ದಕ್ಕೆ ನಾನು ಕಳ್ಳಿ ಆದೆ!"

ಅವನು ತಲೆ ತಗ್ಗಿಸಿದ. ಆಮೇಲೆ ಕಾಗದದ ಮೂಲೆಯಲ್ಲಿದ್ದ ಹೆಸರು ಓದಿ, ಫೋನು ಎತ್ತಿಕೊಂಡ.

"ಕುಳ್ಳಯ್ಯಣ್ಣ, ಆ ಎಲೆ ಹರ್ಷಿತ ಅವರದು. ಅವ್ರು ಅಚ್ಚು ಒತ್ತಿ ಬಿಟ್ಟೋಗಿದ್ದನ್ನ ಕೇಳ್ದೆ ಎತ್ಕೊಂಡೋನು ನಾನು. ಕಳ್ಳ ಅನ್ನೋದಾದ್ರೆ ನನ್ನ ಅನ್ನಿ."

ಪ್ರಮೀಳಾ ಫೋನು ಕಿತ್ತುಕೊಂಡರು. "ಅಣ್ಣೋ, ಬಾಯ್ ಬಡ್ಕಂಡೋಳು ನಾನೇ ಕಣಣ್ಣ. ಆ ಮಗೀನ್ ಕೆಲ್ಸ ಕೆಡಿಸ್ಬ್ಯಾಡ."

ಆ ಕಡೆಯಿಂದ ಕುಳ್ಳಯ್ಯ ನಕ್ಕದ್ದು ಕೇಳಿಸಿತು. "ಅಂಗಾದ್ರೆ ನಾಳೆ ಬರಕ್ಕೇಳಿ."

ಕೆಲಸ ಉಳಿಯಿತು. ಹರ್ಷಿತಳ ಕೋಪ ಮಾತ್ರ ಇಳಿಯಲಿಲ್ಲ. ಆ 'ಕದ್ದಿದ್ದು' ಎಂಬ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

"ನಂಗಿನ್ನೂ ಕೋಪ ಇದೆ."

"ಇರ್ಲಿ."

"ಇದರ ಜೋಡಿ ಎಲ್ಲಿ? ಅದನ್ನ ಯಾರಿಗೆ ಮಾರಿದ್ರಿ?"

"ಮಾಡೋಕಾಗ್ಲಿಲ್ಲ. ಎರಡೂ ಓಲೆ ಒಂದೇ ಕಡೆ ತಿರುಗಿದ್ರೆ ಮುಖಕ್ಕೆ ಒಪ್ಪಲ್ಲ, ಎದುರುಬದುರಾಗಿ ಇರ್ಬೇಕು. ತಿರುಗಿಸಿ ಎಷ್ಟು ಸಲ ಗೀಚಿದ್ರೂ ಜೀವ ಬರ್ಲಿಲ್ಲ." ಅವನ ಕಣ್ಣು ಅವಳ ಕಾಗದದ ಮೇಲಿತ್ತು. "ಆ ಜೋಡಿ ನಿಮ್ಮ ಹತ್ರ ಇತ್ತು."

ಅವಳು ತಾಮ್ರದ ಓಲೆಯತ್ತ ನೋಡಿದಳು. "ಯಾರಿಗೆ ಅಂತ... ಮಾಡ್ತಿದ್ರಿ?"

"ಎಲೆ ಯಾರದೋ ಅವ್ರಿಗೆ. ಓಲೆ ಕೊಡೋ ದಿನವಾದ್ರೂ ಮಾತು ಬರುತ್ತೆ ಅಂದ್ಕೊಂಡಿದ್ದೆ... ನೀವಂದ್ರೆ ಇಷ್ಟ ಕಣ್ರೀ."

ಪ್ರಮೀಳಾ ಒಲೆಯ ಮೇಲೆ ಏನೋ ಇಟ್ಟಿದ್ದು ಈಗಷ್ಟೇ ನೆನಪಾದವರಂತೆ ಒಳಗೆ ಹೋದರು.

ಹರ್ಷಿತ ಕಾಗದವನ್ನು ಎತ್ತಿಕೊಂಡಳು. "ಈ ಸಲ ಕೇಳಿ ತಗೋ."

"ತಗೊಳ್ಲಾ?"

"ಸರಿಯಾಗಿ ಕೇಳು!"

"ಇದನ್ನ ನಂಗೆ ಕೊಡ್ತೀಯಾ... ಹರ್ಷಿತ?"

ಅವಳು ಕೊಟ್ಟಳು. ತಿರುಗಿ ನೋಡದೆ ಬಾಗಿಲವರೆಗೂ ನಡೆದು, ಹೊಸ್ತಿಲಲ್ಲಿ ನಿಂತಳು.

"ನಾಳೆಯಿಂದ ಬಂಡೆ ಮೇಲೆ ಎಲೆ ಇಡಲ್ಲ."

ಅವನ ಮುಖ ಬಾಡಿತು. "ಮತ್ತೆ?"

"ಕೈಗೇ ಕೊಡ್ತೀನಿ. ಬೇಗ ಬಾ."