ಡೆನ್ಮಾರ್ಕಿನ ಅಜ್ಜನ ಸಮಾಧಿ

ಇದು ನಮ್ಮ ಸಲೋಮಿ ಅತ್ತೆಗೆ ಆದದ್ದು. 1954ರಲ್ಲಿ ಅವರು ನಾಗಪುರದಲ್ಲಿ ಟೀಚರಾಗಿದ್ದರು. ಧಾರವಾಡದಲ್ಲಿದ್ದ ಅವರ ತಾಯಿ, ನಮ್ಮಜ್ಜಿಗೆ ಒಂದೇ ಕೊರಗು. ಆಕೆಯ ಅಜ್ಜ ಧಾರವಾಡದಲ್ಲಿ ನೆಲೆಸಿದ್ದ ಡೆನ್ಮಾರ್ಕಿನ ಬಡಗಿ. ಕೆಲಸಕ್ಕೆಂದು ನಾಗಪುರಕ್ಕೆ ಹೋದವನು, ಹೆಂಡತಿ ಮಕ್ಕಳನ್ನು ಬಿಟ್ಟು ತನ್ನ ದೇಶಕ್ಕೆ ಓಡಿಹೋದನೆಂದು ಜನ ಆಡಿಕೊಳ್ಳುತ್ತಿದ್ದರು.

ನಿಜ ತಿಳಿಯಲೆಂದು ಅತ್ತೆ ಮೇ ತಿಂಗಳ ಒಂದು ಮಧ್ಯಾಹ್ನ ಹಳೆಯ ಚರ್ಚೊಂದಕ್ಕೆ ಹೋದರು. ಕಾವಲುಗಾರ ದಾಖಲೆಗಳ ಕೋಣೆ ತೆರೆದುಕೊಟ್ಟ. ಹೊರಗೆ ಬೆಂಕಿಯಂಥ ಗಾಳಿ. ಒಳಗೆ ಅತ್ತೆಯ ಕುತ್ತಿಗೆಯ ಹಿಂದೆ ಮಾತ್ರ ಒದ್ದೆಬಟ್ಟೆ ಹಿಡಿದಂತೆ ತಣ್ಣಗಾಗುತ್ತಿತ್ತು. ಹುಡುಕಿ ಹುಡುಕಿ ಕೊನೆಗೆ ಹೆಸರು ಸಿಕ್ಕಿತು. ಖುಷಿಯಲ್ಲಿ ಗಟ್ಟಿಯಾಗಿ ಓದಿದರು.

“ಜೆನ್ಸ್ ಪೀಟರ್ಸನ್.”

“ಯೆನ್ಸ್,” ಎಂದಿತು ಹಿಂದಿನಿಂದ ಒಂದು ಗಂಡುದನಿ.

ಕಾವಲುಗಾರ ಹೆಸರಿನ ಉಚ್ಚಾರ ತಿದ್ದಿದನೆಂದುಕೊಂಡು ಅತ್ತೆ ಕಣ್ಣೆತ್ತದೆ ಮುಂದುವರಿಸಿದರು. “ಯೆನ್ಸ್ ಪೀಟರ್ಸನ್. ಜ್ವರ ಬಂದು ತೀರಿಕೊಂಡಾರ.”

“ಹೂಂ.”

“ಇದೇ ಚರ್ಚಿನ ಅಂಗಳದಾಗ ಮಣ್ಣು ಮಾಡ್ಯಾರ.”

“ಇಲ್ಲವ್ವಾ, ಮಗಳ, ಇಲ್ಲಿಲ್ಲ.”

ಅಚ್ಚ ಧಾರವಾಡದ ಮಾತು. ತಿರುಗಿ ನೋಡಿದರೆ ಯಾರೂ ಇಲ್ಲ. ಕನ್ನಡವೇ ಬಾರದ ಕಾವಲುಗಾರ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದ. ಒಳಗೆ ಬಂದಿದ್ದೆಯಾ ಎಂದು ಕೇಳಿದರೆ, “ಬಾಯಿ, ಮೀ ತರ್ ಇಥೇಚ್ ಹೋತೋ,” ತಾನು ಇಲ್ಲೇ ಇದ್ದೆನಲ್ಲ, ಎಂದ ಮರಾಠಿಯಲ್ಲಿ.

“ಓಡಿಹೋಗಿಲ್ಲವ್ವ, ಇಲ್ಲೇ ತೀರಿಕೊಂಡಾರ,” ಎಂದಷ್ಟೇ ಅತ್ತೆ ಅಜ್ಜಿಗೆ ಬರೆದರು. ಉಳಿದದ್ದನ್ನು ಹೇಗೆ ಬರೆಯಬೇಕೋ ತಿಳಿಯಲಿಲ್ಲ. ಅಜ್ಜಿ ರೈಲು ಹತ್ತಿ ಬಂದೇಬಿಟ್ಟಳು. ಸೆರಗಿನ ತುಂಬ ಮಲ್ಲಿಗೆ ಹಿಡಿದು ಚರ್ಚಿನ ಅಂಗಳದಲ್ಲಿ ನಿಂತು ಕೇಳಿದಳು: “ಸಲೋಮಿ, ಎಲ್ಲಿ ಐತಿ?”

ದಾಖಲೆ ಏನೇ ಹೇಳಲಿ, ಆ ಅಜ್ಜ ಎಲ್ಲಿ ಮಣ್ಣಾದನೋ, ನಮಗೆ ಇವತ್ತಿಗೂ ಗೊತ್ತಿಲ್ಲ.