ಗೇಟಿನ ಹಲಗೆ ತೆಗೆದವರು ಯಾರು?

“ಮೇಡಂ, ಬೇಗ ಬನ್ನಿ! ನಮ್ಮ ಗಾಡಿ ಕೆಳಗೆ ನೀರೋ ನೀರು!”

ಹಲ್ಲುಜ್ಜುತ್ತಿದ್ದ ಇನ್ಸ್‌ಪೆಕ್ಟರಮ್ಮ ಬಾಯಿ ಮುಕ್ಕಳಿಸಿ ಓಡಿದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಗಂಡನ ಜೊತೆ ತಮ್ಮದೇ ಮನೆಗಾಡಿಯಲ್ಲಿ ಊರು ಸುತ್ತಲು ಹೊರಟವರು ಅವರು. ಆದರೂ ಯಾರಾದರೂ ಗಾಬರಿಯಿಂದ ಕರೆದರೆ ಕಾಲು ನಿಲ್ಲುತ್ತಿರಲಿಲ್ಲ.

ಕರೆದವರು ಪಕ್ಕದ ಮೇಷ್ಟರು. ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಯನ್ನು ಹೊಸದಾಗಿ ಕೊಂಡು, ನಿನ್ನೆ ಮುಸ್ಸಂಜೆ, ಇನ್ಸ್‌ಪೆಕ್ಟರಮ್ಮ ಬಂದ ಸ್ವಲ್ಪ ಹೊತ್ತಿಗೆ, ಇಂಥ ಗಾಡಿಗಳು ತಂಗುವ ಈ ಬಿಡಾರದ ಬಯಲಿಗೆ ತಂದು ನಿಲ್ಲಿಸಿದ್ದರು. ಈಗ ಅದರ ಹೊಟ್ಟೆಯಡಿಯ ನೀರಿನ ಟ್ಯಾಂಕು ಉದ್ದಕ್ಕೆ ಸೀಳಿತ್ತು.

ಇನ್ಸ್‌ಪೆಕ್ಟರಮ್ಮ ನೆಲಕ್ಕೆ ಮಲಗಿ ಇಣುಕಿದರು. ಸೀಳಿನ ಅಂಚಿಗೆಲ್ಲ ಸಿಮೆಂಟಿನ ಪುಡಿ.

“ಗೇಟಿನ ಸಿಮೆಂಟ್ ಉಬ್ಬು ದಾಟುವಾಗ ಸದ್ದಾಯ್ತಾ?”

“ಕರ್ ಅಂತು. ಜಲ್ಲಿ ಇರಬೇಕು ಅಂದ್ಕೊಂಡೆ.”

“ಜಲ್ಲಿ ಅಲ್ಲ, ಮೇಷ್ಟ್ರೇ. ನಿಮ್ಮ ಗಾಡಿ ತೀರಾ ತಗ್ಗು. ಚಕ್ರ ಉಬ್ಬಿನಿಂದ ಇಳಿದ ಕೂಡಲೇ ಹೊಟ್ಟೆ ಅದರ ಮೇಲೆ ಕೂತಿದೆ.”

ಅಷ್ಟರಲ್ಲಿ ಬಯಲಿನ ಯಜಮಾನ ಕಾವಲುಗಾರನನ್ನು ಕರೆದುಕೊಂಡು ಬಂದ. ತಗ್ಗಿನ ಗಾಡಿ ಬರುವಾಗ ಉಬ್ಬಿನಾಚೆ, ಚಕ್ರದ ದಾರಿಗೆ, ಎರಡು ದಪ್ಪ ಹಲಗೆ ಹಾಕುವುದು ಕಾವಲುಗಾರನ ಕೆಲಸ. ಆಗ ಚಕ್ರ ಧೊಪ್ಪನೆ ಇಳಿಯುವುದಿಲ್ಲ, ಹೊಟ್ಟೆ ಉಜ್ಜುವುದಿಲ್ಲ.

“ಹಾಕಿದ್ದೆ ಸ್ವಾಮಿ,” ಎಂದ ಕಾವಲುಗಾರ. “ಮೇಷ್ಟ್ರು ಬರ್ತೀನಿ ಅಂತ ಫೋನ್ ಮಾಡಿದ್ರಲ್ಲ, ಆಗಲೇ ಹಾಕಿಟ್ಟು ಪಂಪು ನಿಲ್ಲಿಸೋಕೆ ಹೋದೆ. ಬರೋ ಅಷ್ಟರಲ್ಲಿ ಗಾಡಿ ಒಳಗೆ ಬಂದಿತ್ತು. ಹಲಗೆ ಇರಲಿಲ್ಲ.”

“ರೆಕ್ಕೆ ಬಂತಾ ಹಲಗೆಗೆ?” ಇನ್ಸ್‌ಪೆಕ್ಟರಮ್ಮನ ಹಳೆಯ ದನಿ ಹೊರಬಿತ್ತು. “ಹಾಕಿದ್ದನ್ನ ನೋಡಿದವರು ಯಾರು?”

“ಯಾರೂ ಇಲ್ಲ ಮೇಡಂ.”

“ಹಾಗಾದ್ರೆ ಮರೆತೆ ಅಂತ ಒಪ್ಕೊ. ಎಂಥೆಂಥ ಸುಳ್ಳರನ್ನ ನೋಡಿದೀನಿ ನಾನು!”

ಅಕ್ಕಪಕ್ಕದವರೆಲ್ಲ ಸೇರಿದ್ದರು. ಕಾವಲುಗಾರನ ಮುಖ ಕಪ್ಪಿಟ್ಟಿತು.

“ಇವತ್ತೇ ಗಂಟುಮೂಟೆ ಕಟ್ಟು,” ಎಂದ ಯಜಮಾನ.

ಗೇಟಿನ ಪಕ್ಕದ ಕೋಣೆಯೇ ಕಾವಲುಗಾರನ ಮನೆ. ಇನ್ಸ್‌ಪೆಕ್ಟರಮ್ಮ ಉಬ್ಬನ್ನು ನೋಡಲು ಹೋದಾಗ ಒಳಗಿನಿಂದ ಅವನ ಹೆಂಡತಿ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು ಕೇಳಿಸುತ್ತಿತ್ತು.

ಉಬ್ಬಿನಾಚೆ ಎಲ್ಲೆಡೆ ಜಲ್ಲಿ ಚದುರಿತ್ತು. ಎರಡೇ ಎರಡು ಕಡೆ ಅದು ಮಣ್ಣಿಗೆ ಒತ್ತಿಕೊಂಡು ಸಪಾಟಾಗಿತ್ತು — ನೀಳವಾಗಿ, ಹಲಗೆಯ ಅಗಲಕ್ಕೆ. ಒಂದರ ನಡುವೆ ಮೇಷ್ಟರ ಗಾಡಿಯ ಚಕ್ರದ ಗುರುತು ಹೊಸದಾಗಿ ಮೂಡಿತ್ತು.

ಹಲಗೆ ಹಾಕಿದ್ದು ನಿಜ. ಮೇಷ್ಟರು ಬರುವ ಮೊದಲೇ ಯಾರೋ ಎತ್ತಿದ್ದಾರೆ. ಯಾರು? ಹಳೆಯ ಹಲಗೆಯನ್ನು ಕದ್ದು ಏನು ಮಾಡುತ್ತಾರೆ? ಮಾರಿದರೆ ಕೊಳ್ಳುವವರಿಲ್ಲ. ಬೇಕಾದೀತು ಅಂದರೆ ಗಾಡಿ ವಾಲಿಕೊಂಡವರಿಗೆ, ಚಕ್ರದಡಿ ಇಟ್ಟು ಸಮ ಮಾಡಿಕೊಳ್ಳಲು.

ಬಯಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಉಳಿದೆಲ್ಲ ಗಾಡಿಗಳೂ ಸಮತಟ್ಟಾದ ನೆಲದಲ್ಲಿದ್ದವು. ಇಳಿಜಾರಿನಲ್ಲಿದ್ದದ್ದು ಒಂದೇ — ಮರದಡಿ, ಕೊನೆಯಲ್ಲಿ. ನೆರಳು ಬೇಕೆಂದು ಹಟ ಹಿಡಿದು ತಾವೇ ಆರಿಸಿದ ಜಾಗ.

ಗಂಡ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ರೀ, ನಿನ್ನೆ ಚಕ್ರದಡಿ ಇಟ್ಟಿರಲ್ಲ, ಆ ಮರ ಎಲ್ಲಿಂದ ತಂದ್ರಿ?”

“ಗೇಟಿನ ಹತ್ರ ಇತ್ತು. ಕೇಳಿ ತರ್ಲಾ ಅಂದ್ರೆ, ‘ಬಿದ್ದಿರೋ ಮರಕ್ಕೆ ಯಾರನ್ನ ಕೇಳ್ತೀರಾ, ತನ್ನಿ ಸುಮ್ನೆ’ ಅಂತ ಸ್ಟೀರಿಂಗ್ ಮುಂದೆ ಕೂತು ರೇಗಿದ್ಯಲ್ಲೇ! ಯಾಕೆ, ಏನಾಯ್ತು?”

ಇನ್ಸ್‌ಪೆಕ್ಟರಮ್ಮ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದರು. ಹಲಗೆಗಳನ್ನು ಎಳೆದು ಪೊದೆಯ ಹಿಂದೆ ಎಸೆದರೆ ನರಪಿಳ್ಳೆಗೂ ತಿಳಿಯುವುದಿಲ್ಲ. ಆ ಯೋಚನೆ ಬಂದಿತು. ಬಂದದ್ದಕ್ಕೇ ತಮ್ಮ ಮೇಲೆ ತಮಗೆ ಹೇಸಿಗೆಯಾಯಿತು. ಆ ಹಲಗೆಗಳ ಮೇಲೆ ರಾತ್ರಿಯಿಡೀ ಹಾಯಾಗಿ ಮಲಗಿ, ಎದ್ದು ಹೋಗಿ, ಅವುಗಳನ್ನು ಹಾಕಿದವನನ್ನೇ ಸುಳ್ಳ ಅಂದಿದ್ದರು.

ಗೇಟಿನ ಹತ್ತಿರ ಎಲ್ಲರನ್ನೂ ಮತ್ತೆ ಸೇರಿಸಿದರು. ಒತ್ತಿಕೊಂಡ ಜಲ್ಲಿಯನ್ನು ತೋರಿಸಿದರು. ವಾಲಿದ ಗಾಡಿಯ ಲೆಕ್ಕಾಚಾರ ವಿವರಿಸಿದರು.

“ಅಂದ್ರೆ, ಹಲಗೆ ತೆಗೆದವರು ಯಾರು ಮೇಡಂ?” ಎಂದರು ಮೇಷ್ಟರು.

“ನಾನು. ನಮ್ಮೆಜಮಾನ್ರು ಎತ್ಕೊಂಡು ಬಂದ್ರು, ಆದ್ರೆ ತರಿಸಿದ್ದು ನಾನು. ನಿಮ್ಮ ಟ್ಯಾಂಕು ನಾನೇ ಸರಿ ಮಾಡಿಸಿಕೊಡ್ತೀನಿ.”

ಯಜಮಾನ ಹಲ್ಲು ಕಿರಿದ. “ಅಯ್ಯೋ, ನೀವಾ! ಬಿಡಿ ಮೇಡಂ, ಯಾರಿಗಾದ್ರೂ ಆಗೋದೇ.”

“ಬೆಳಗ್ಗೆ ಇವರಿಗೆ ಈ ಮಾತು ಹೇಳ್ಲಿಲ್ವಲ್ಲ ನೀವು?”

ಯಜಮಾನ ಗೇಟಿನ ಚಿಲಕ ನೋಡತೊಡಗಿದ. “ಸರಿ, ಕೆಲಸ ನೋಡ್ಕೊ ಹೋಗಯ್ಯ,” ಎಂದ ಕೊನೆಗೆ.

ಇನ್ಸ್‌ಪೆಕ್ಟರಮ್ಮ ಕಾವಲುಗಾರನತ್ತ ತಿರುಗಿದರು. “ತಪ್ಪಾಯ್ತು. ನಾಲ್ಕು ಜನರ ಮುಂದೆ ನಿಮಗೆ ಆ ಮಾತು ಅನ್ನಬಾರದಿತ್ತು.”

“ಜನರದ್ದು ಬಿಡಿ ಮೇಡಂ,” ಎಂದ ಅವನು, ನೆಲ ನೋಡುತ್ತ. “ನೀವು ಬೈದು ಹೋದ ಮೇಲೆ ನನ್ನ ಹೆಂಡ್ತಿ ಕೇಳಿದ್ಲು, ‘ನಿಜವಾಗ್ಲೂ ಹಾಕಿದ್ರಾ?’ ಅಂತ. ಇಷ್ಟು ವರ್ಷದಲ್ಲಿ ನನ್ನ ಮಾತನ್ನ ಅವಳು ಅನುಮಾನಿಸಿದ್ದು ಇವತ್ತೇ.”

ಕೋಣೆಯೊಳಗೆ ಪಾತ್ರೆಗಳ ಸದ್ದು ಇನ್ನೂ ನಿಂತಿರಲಿಲ್ಲ.

“ನಾನು ಹೇಳಿದ್ರೆ ಆಗಲ್ಲ,” ಎಂದ ಕಾವಲುಗಾರ. “ಅವಳಿಗೆ ನೀವೇ ಹೇಳ್ಬೇಕು.”

ಹೇಳದೆ ಕೇಳದೆ ಎಷ್ಟೋ ಮನೆಗಳಿಗೆ ನುಗ್ಗಿದ್ದ ಇನ್ಸ್‌ಪೆಕ್ಟರಮ್ಮ ಆ ಕೋಣೆಯ ಹೊಸ್ತಿಲಾಚೆಯೇ ನಿಂತು, ಒಳಗೆ ಬರಬಹುದೇ ಎಂದು ಕೇಳಿದರು.